ಮುಗಿಯದ ಕೆಲಸವನ್ನೇ ಕಾರ್ಯಾಗಾರಕ್ಕೆ ತನ್ನಿ

ಅತಿಶೀತ ತಾಪಮಾನದಲ್ಲಿ ಮಾಡುವ ಸೂಕ್ಷ್ಮ ಅಳತೆಗಳಿಗೆಂದೇ ಮೀಸಲಾದ ಒಂದು ವಾರ್ಷಿಕ ಕಾರ್ಯಾಗಾರದ ಆಯ್ಕೆ ಸಮಿತಿಯಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿ ವರ್ಷ ನಮ್ಮ ಕೈಸೇರುವ ಸಾರಾಂಶಗಳಲ್ಲಿ ಬಹುಪಾಲು ಒಂದೇ ಬಗೆಯವು. ಅಳತೆ ಮುಗಿದಿರುತ್ತದೆ, ಲೇಖನ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಗಿರುತ್ತದೆ, ಅದನ್ನೇ 20 ನಿಮಿಷಗಳಲ್ಲಿ ಇನ್ನೊಮ್ಮೆ ಹೇಳಲು ಅವಕಾಶ ಬೇಕೆಂದು ಬರೆದವರು ಕೇಳಿರುತ್ತಾರೆ. ಪ್ರಕಟವಾದ ಲೇಖನವನ್ನು ನಾವೆಲ್ಲ ಆಗಲೇ ಓದಿರುತ್ತೇವೆ ಎಂಬುದು ಅವರಿಗೆ ಹೊಳೆಯದಿರುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಸಣ್ಣ ಕಾರ್ಯಾಗಾರವನ್ನು ಜನರು ದೊಡ್ಡ ಸಮ್ಮೇಳನದ ಕಿರಿಯ ರೂಪವೆಂದು ಭಾವಿಸಿರುವುದೇ ಇದಕ್ಕೆ ಕಾರಣ. ಎರಡರ ಕೆಲಸವೂ ಬೇರೆ. ಒಂದು ಕ್ಷೇತ್ರದಲ್ಲಿ ಯಾವುದು ಸಿದ್ಧವಾಗಿದೆ ಎಂಬುದನ್ನು ಸಮ್ಮೇಳನ ತೋರಿಸುತ್ತದೆ; ಯಾವುದು ಕೈಗೆ ಸಿಗುತ್ತಿಲ್ಲ ಎಂಬುದನ್ನು ಆ ಕೆಲಸದಲ್ಲೇ ಮುಳುಗಿರುವ ಕೆಲವೇ ಜನರು ಒಟ್ಟಿಗೆ ಕುಳಿತು ನೋಡುವುದು ಕಾರ್ಯಾಗಾರ. ಕೈಗೂಡದ ಪ್ರಯತ್ನಗಳಿಗೆ ಪತ್ರಿಕೆಗಳಲ್ಲಿ ಜಾಗವಿಲ್ಲ. ಯಾವ ತಂತಿ ಕೆಟ್ಟಿತು, ಯಾವ ಬೆಸುಗೆ ಶೀತದಲ್ಲಿ ಬಿರುಕುಬಿಟ್ಟಿತು, ಯಾವ ಮಾದರಿ ಮೂರನೆಯ ಬಾರಿ ತಣಿಸಿದಾಗ ಬೇರೆಯಾಗಿ ವರ್ತಿಸಿತು ಎಂಬ ತಿಳಿವಳಿಕೆ ಅಲ್ಲೊಬ್ಬರು ಇಲ್ಲೊಬ್ಬರ ಕೈಯಲ್ಲಿ ಮಾತ್ರ ಉಳಿದಿರುತ್ತದೆ, ಅವರು ನಿವೃತ್ತರಾದಾಗ ಅವರೊಂದಿಗೇ ಹೊರಟುಹೋಗುತ್ತದೆ.

ಇಂಥ ಸಣ್ಣ ಸಭೆಗಳ ಪದ್ಧತಿಗೆ ಅಡಿಪಾಯ ಹಾಕಿದವರು ಅದನ್ನು ಸ್ಪಷ್ಟವಾಗಿ ಅರಿತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ನೀಲ್ ಗಾರ್ಡನ್ 1931ರ ಬೇಸಿಗೆಯಲ್ಲಿ ಆರಂಭಿಸಿದ ಸಭೆಗಳು ಕೆಲವೇ ವರ್ಷಗಳಲ್ಲಿ ಮೇರಿಲ್ಯಾಂಡಿನ ಗಿಬ್ಸನ್ ದ್ವೀಪಕ್ಕೆ, 1947ರಲ್ಲಿ ನ್ಯೂ ಹ್ಯಾಂಪ್‌ಶೈರಿಗೆ ಸ್ಥಳಾಂತರಗೊಂಡು, 1948ರಲ್ಲಿ ಅವರದೇ ಹೆಸರನ್ನು ಪಡೆದವು. ಬೆಳಗ್ಗೆ ಮತ್ತು ರಾತ್ರಿ ಉಪನ್ಯಾಸ, ಮಧ್ಯಾಹ್ನ ಬಿಡುವು ಎಂಬ ಅವುಗಳ ಕ್ರಮ ಇಂದಿಗೂ ಉಳಿದಿದೆ. ಅದಕ್ಕಿಂತ ಮುಖ್ಯವಾದುದು ಅಲ್ಲಿನ ಕಟ್ಟುಪಾಡು. ಅಲ್ಲಿ ಕೇಳಿದ್ದನ್ನು ಧ್ವನಿಮುದ್ರಿಸುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ, ಹೇಳಿದವರ ಅನುಮತಿಯಿಲ್ಲದೆ ಬರಹದಲ್ಲಿ ಉಲ್ಲೇಖಿಸುವಂತಿಲ್ಲ. ಸಭೆಯ ನಡಾವಳಿ ಪುಸ್ತಕವಾಗಿ ಹೊರಬರುವುದೂ ಇಲ್ಲ. ಹೊಸದಾಗಿ ಬಂದವರಿಗೆ ಇದು ಗೋಪ್ಯತೆಯ ಗೀಳಿನಂತೆ ಕಾಣಬಹುದು. ಆದರೆ ತಾನು ಆಡಿದ ಅರೆಬೆಂದ ಮಾತು ನಾಳೆ ಅಚ್ಚಾಗಿ ತನ್ನನ್ನೇ ಹಂಗಿಸದು ಎಂಬ ಭರವಸೆ ಇದ್ದಾಗಲೇ ಒಬ್ಬ ಸಂಶೋಧಕ "ಈ ಅಂಕಿಗಳು ನನಗೇ ಅರ್ಥವಾಗುತ್ತಿಲ್ಲ" ಎಂದು ಎಲ್ಲರೆದುರು ಬಾಯಿಬಿಡುತ್ತಾನೆ.

ಅರ್ಥವಾಗದ ಅಂಕಿಗಳು ಎಷ್ಟು ದೂರ ಕರೆದೊಯ್ಯಬಲ್ಲವು ಎಂಬುದಕ್ಕೆ ಭೌತವಿಜ್ಞಾನದಲ್ಲಿ ಪ್ರಸಿದ್ಧವಾದ ಉದಾಹರಣೆಯಿದೆ. 1947ರ ಜೂನ್ 2ರಿಂದ 4ರವರೆಗೆ ನ್ಯೂಯಾರ್ಕ್ ರಾಜ್ಯದ ಶೆಲ್ಟರ್ ದ್ವೀಪದಲ್ಲಿ ಒಂದು ಚಿಕ್ಕ ಗುಂಪು ಸೇರಿತ್ತು. ಕೆಲವೇ ವಾರಗಳ ಹಿಂದೆ ಸಿಕ್ಕಿದ್ದ, ಇನ್ನೂ ಪ್ರಕಟವಾಗದ ಒಂದು ಅಳತೆಯನ್ನು ಭೌತವಿಜ್ಞಾನಿ ವಿಲ್ಲಿಸ್ ಲ್ಯಾಂಬ್ ಅಲ್ಲಿ ಮುಂದಿಟ್ಟರು. ಎಲೆಕ್ಟ್ರಾನಿನ ವರ್ತನೆಯನ್ನು ವಿವರಿಸುವ ಡಿರಾಕ್ ಸಿದ್ಧಾಂತದ ಪ್ರಕಾರ ಜಲಜನಕದ ಪರಮಾಣುವಿನಲ್ಲಿ ಒಂದೇ ಶಕ್ತಿಯನ್ನು ಹೊಂದಿರಬೇಕಾದ ಎರಡು ಸ್ಥಿತಿಗಳ ನಡುವೆ, ಆವೃತ್ತಿಯ ಲೆಕ್ಕದಲ್ಲಿ ಹೇಳಿದರೆ, ಸುಮಾರು 1000 ಮೆಗಾಹರ್ಟ್ಸ್‌ನಷ್ಟು ಅಂತರ ಕಂಡಿತ್ತು. ಲ್ಯಾಂಬ್ ಅವರ ಬಳಿ ಅಳತೆಯಿತ್ತು, ವಿವರಣೆ ಇರಲಿಲ್ಲ. ಎಲೆಕ್ಟ್ರಾನಿನ ದ್ರವ್ಯರಾಶಿಯನ್ನು ಲೆಕ್ಕಕ್ಕೆ ಹಿಡಿಯುವ ಬಗೆಯನ್ನೇ ಬದಲಿಸಬೇಕೆಂಬ ಭೌತವಿಜ್ಞಾನಿ ಕ್ರಾಮರ್ಸ್ ಅವರ ಯೋಚನೆಯೂ ಅದೇ ಸಭೆಯಲ್ಲಿ ಚರ್ಚೆಗೆ ಬಂತು. ಸಭೆ ಮುಗಿಸಿ ಅದೇ ರಾಜ್ಯದ ಸ್ಕೆನೆಕ್ಟಡಿ ಊರಿಗೆ ಹೊರಟಿದ್ದ ಭೌತವಿಜ್ಞಾನಿ ಹಾನ್ಸ್ ಬೆಥೆ ಇವೆರಡನ್ನೂ ಜೋಡಿಸಿ ರೈಲಿನಲ್ಲೇ ಲೆಕ್ಕ ಹಾಕಿದಾಗ ಬಂದ ಉತ್ತರ 1040 ಮೆಗಾಹರ್ಟ್ಸ್‌ಗೆ ಸಮೀಪವಿತ್ತು. ಲ್ಯಾಂಬ್ ಅವರು ವಿವರಣೆ ಸಿಗುವವರೆಗೆ ಅಂಕಿಗಳನ್ನು ಬಚ್ಚಿಟ್ಟಿದ್ದರೆ ಆ ರೈಲುಪ್ರಯಾಣ ವ್ಯರ್ಥವಾಗುತ್ತಿತ್ತು.

ನಮ್ಮ ಕೆಲಸದಲ್ಲಿ ನಡೆಯುವುದು ಇಷ್ಟು ದೊಡ್ಡದೇನಲ್ಲ. ಒಮ್ಮೆ ಒಬ್ಬ ಯುವ ಸಂಶೋಧಕಿ ತನ್ನ ಅಳತೆಯಲ್ಲಿ ಬಿಡದೆ ಕಾಡುತ್ತಿದ್ದ ಗದ್ದಲದ, ಅಂದರೆ ಸಂಕೇತದೊಂದಿಗೆ ಬೆರೆಯುವ ಬೇಡದ ಏರಿಳಿತದ, ನಕ್ಷೆಯೊಂದನ್ನು ಭಿತ್ತಿಪತ್ರದ ಒಂದು ಮೂಲೆಯಲ್ಲಿ ಅಂಜುತ್ತಲೇ ಅಂಟಿಸಿದ್ದಳು. ಮುಖ್ಯ ಫಲಿತಾಂಶದ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ; ಆ ಮೂಲೆಯ ಮುಂದೆ ಜನ ಕಿಕ್ಕಿರಿದರು. ಗದ್ದಲದ ಶಿಖರಗಳು ಸಮಾನ ಅಂತರದಲ್ಲಿದ್ದುದನ್ನು ನೋಡಿದ ಹಿರಿಯ ತಂತ್ರಜ್ಞರೊಬ್ಬರು, ಶೈತ್ಯಯಂತ್ರದಲ್ಲಿ ಅನಿಲದ ಒತ್ತಡದ ಮಿಡಿತದಿಂದ ತಂಪು ಹುಟ್ಟಿಸುವ ಪಲ್ಸ್ ಟ್ಯೂಬ್ ಸೆಕೆಂಡಿಗೆ ಸುಮಾರು 1.4 ಬಾರಿ ಮಿಡಿಯುತ್ತದೆ, ಆ ಅಂತರವನ್ನು ಇದಕ್ಕೆ ಹೋಲಿಸಿ ನೋಡಮ್ಮ ಎಂದರು. ಅಂತರ ಸರಿಹೊಂದಿತು. ಯಂತ್ರದ ಕಂಪನಕ್ಕೆ ಸಂಕೇತವನ್ನು ಒಯ್ಯುವ ಏಕಾಕ್ಷ (ಕೋಆಕ್ಸಿಯಲ್) ಕೇಬಲ್ ಅಲುಗಿದಾಗ ಒಳಗಿನ ನಿರೋಧಕ ಪದರವು ಲೋಹಕ್ಕೆ ಉಜ್ಜಿ ವಿದ್ಯುದಾವೇಶ ಹುಟ್ಟಿಸುತ್ತದೆ, ಅದೇ ಸಂಕೇತದೊಳಗೆ ನುಸುಳುತ್ತದೆ. ಕೇಬಲ್‌ಗಳನ್ನು ಬಿಗಿಯಾಗಿ ಕಟ್ಟಿ, ಗ್ರಾಫೈಟ್ ಲೇಪವಿರುವ ಬಗೆಯವನ್ನು ಬಳಸಿದರೆ ಗದ್ದಲ ಬಹಳಷ್ಟು ಇಳಿಯುತ್ತದೆ. ಅದೇ ತೊಂದರೆಯಲ್ಲಿದ್ದ ಬೇರೆ ಪ್ರಯೋಗಾಲಯದವರೂ ಅಂದು ಅಲ್ಲಿದ್ದರು, ತಮ್ಮದನ್ನು ಅವರು ಅಲ್ಲಿಯವರೆಗೆ ಬಾಯಿಬಿಟ್ಟಿರಲಿಲ್ಲ.

ಕಾರ್ಯಾಗಾರ ಪ್ರತಿ ವರ್ಷವೂ ಏಕೆ ಬೇಕು ಎಂದು ಅನುದಾನ ಕೊಡುವವರು ಕೇಳುತ್ತಾರೆ. ಮೇಲಿನ ಸಂಗತಿಯಲ್ಲಿಯೇ ಉತ್ತರವಿದೆ. ಸಲಹೆಯೊಂದನ್ನು ಪಡೆದು, ಉಪಕರಣವನ್ನು ಬಿಚ್ಚಿ ಮತ್ತೆ ಕಟ್ಟಿ, ತಣಿಸಿ, ಅಳೆದು, ಸಲಹೆ ಕೊಟ್ಟವರಿಗೆ ಫಲಿತಾಂಶವನ್ನು ತೋರಿಸಲು ನಮ್ಮ ಕ್ಷೇತ್ರದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಬೇರೆ ಕ್ಷೇತ್ರಗಳಲ್ಲಿ ಈ ಅವಧಿ ಬೇರೆಯಾಗಿರಬಹುದು, ಎಲ್ಲರಿಗೂ ಒಂದೇ ಲೆಕ್ಕ ಅನ್ವಯಿಸುತ್ತದೆ ಎಂದು ನಾನು ವಾದಿಸಲಾರೆ.

ಕಾರ್ಯಾಗಾರಕ್ಕೆ ಸೇರಿಸಿಕೊಳ್ಳುವವರ ಸಂಖ್ಯೆಯ ಮಿತಿಯ ಬಗ್ಗೆಯೂ ಇಂಥದೇ ದೂರುಗಳಿವೆ. ರಾಬರ್ಟ್ ಮಾರ್ಷಾಕ್ 1950ರಲ್ಲಿ ರಾಚೆಸ್ಟರ್‌ನಲ್ಲಿ ಆರಂಭಿಸಿದ ಕಣಭೌತವಿಜ್ಞಾನದ ಸಭೆ ಮೊದಲು ಒಂದೇ ದಿನದ ಸಣ್ಣ ಕೂಟವಾಗಿತ್ತು. ಅದು ಬೆಳೆದು, ಊರೂರು ಸುತ್ತಿ, ಇಂದು ಎರಡು ವರ್ಷಕ್ಕೊಮ್ಮೆ ನಡೆಯುವ ಬೃಹತ್ ಅಂತರರಾಷ್ಟ್ರೀಯ ಸಮ್ಮೇಳನವಾಗಿದೆ. ಅದರಿಂದ ಆ ಕ್ಷೇತ್ರಕ್ಕೆ ಲಾಭವೇ ಆಗಿದೆ. ಆದರೂ ಅಷ್ಟು ಜನರ ನಡುವೆ ಮೂಲೆಯ ನಕ್ಷೆಯನ್ನು ಅಂಟಿಸುವ ಧೈರ್ಯ ಯಾರಿಗೆ ಬಂದೀತು? ಇದಕ್ಕೆ ವಿರುದ್ಧವಾದ ದಾರಿ ಹಿಡಿದದ್ದು ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಲ್ಲಿ 1944ರಲ್ಲಿ ಸ್ಥಾಪನೆಯಾದ ಓಬರ್‌ವೋಲ್ಫಾಖ್ ಗಣಿತ ಸಂಸ್ಥೆ. ವಾರಪೂರ್ತಿ ನಡೆಯುವ ಅಲ್ಲಿನ ಕಾರ್ಯಾಗಾರಗಳಲ್ಲಿ ಊಟದ ಮೇಜಿನ ಮೇಲೆ ಕೂರುವ ಜಾಗವನ್ನು ಸೂಚಿಸುವ ಹೆಸರಿನ ಕರವಸ್ತ್ರ ಯಾರದು ಎಲ್ಲಿರುತ್ತದೆಂದು ಮೊದಲೇ ತಿಳಿಯದು, ಆದ್ದರಿಂದ ಹಿರಿಯರು ಹಿರಿಯರ ಜೊತೆಗೇ ಕೂರುವುದು ತಪ್ಪುತ್ತದೆ. ಬುಧವಾರ ಮಧ್ಯಾಹ್ನ ಎಲ್ಲರೂ ಕಾಡಿನಲ್ಲಿ ನಡೆಯಲು ಹೋಗುತ್ತಾರೆ.

ಕೆಲವು ಹಿಂಜರಿಕೆಗಳು ನ್ಯಾಯವಾದವೇ. ಪೇಟೆಂಟ್‌ಗೆ ಅರ್ಜಿ ಹಾಕಬೇಕಾದ ಕೆಲಸವನ್ನು ಅದಕ್ಕೆ ಮೊದಲು ಯಾವುದೇ ಸಭೆಯಲ್ಲಿ ಬಿಚ್ಚಿಡುವುದು ಜಾಣತನವಲ್ಲ. ಸಭೆಯ ಕಟ್ಟುಪಾಡು ಕಾನೂನಿನ ರಕ್ಷಣೆಯಾಗುತ್ತದೆಂದು ಭಾವಿಸದೆ ನಿಮ್ಮ ಸಂಸ್ಥೆಯ ಸಲಹೆಗಾರರನ್ನು ಕೇಳಿ. ಯೋಚನೆ ಕದ್ದುಹೋದೀತೆಂಬ ವಿದ್ಯಾರ್ಥಿಗಳ ಭಯವನ್ನೂ ನಾನು ತಳ್ಳಿಹಾಕುವುದಿಲ್ಲ, ಅಂಥದು ನಡೆಯದೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅಂಥವರು ಯೋಚನೆಯನ್ನು ತಮ್ಮಲ್ಲೇ ಇಟ್ಟುಕೊಂಡು ತೊಂದರೆಯನ್ನು ಮಾತ್ರ ತರಲಿ. ಕದಿಯುವವರಿಗೆ ತೊಂದರೆ ಬೇಕಾಗಿರುವುದಿಲ್ಲ.

ಮುಂದಿನ ಬಾರಿ ಸಾರಾಂಶ ಬರೆಯುವಾಗ ಕೊನೆಯ ಮೂರು ಸಾಲುಗಳನ್ನು ನಿಮಗೆ ಬಗೆಹರಿಯದೆ ಉಳಿದಿರುವುದಕ್ಕೆ ಮೀಸಲಿಡಿ. ಏನನ್ನು ನಿರೀಕ್ಷಿಸಿದ್ದಿರಿ, ಏನು ಕಂಡಿರಿ, ಈವರೆಗೆ ಏನೇನನ್ನು ಪ್ರಯತ್ನಿಸಿದಿರಿ ಎಂದು ಬರೆದರೆ ಸಾಕು. ನಮ್ಮ ಸಮಿತಿ ಮೊದಲು ಓದುವುದು ಆ ಮೂರು ಸಾಲುಗಳನ್ನೇ.