ವಲಸಿಗ ನಾಯಕ: ವಿಧಾನಸೌಧದಲ್ಲೊಂದು ಅರ್ಥ, ಚಿನ್ನಸ್ವಾಮಿಯಲ್ಲೊಂದು ಅರ್ಥ

ಬೆಂಗಳೂರಿನಲ್ಲಿ ಕೂತು ಪೇಪರ್ ಓದುವವರಿಗೆ ‘ವಲಸಿಗ ನಾಯಕ’ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ವಿಧಾನಸೌಧ. ಪಕ್ಷ ಬಿಟ್ಟು ಪಕ್ಷ ಸೇರಿದವರು, ಮೂಲದವರಿಗೂ ವಲಸಿಗರಿಗೂ ಜಟಾಪಟಿ, ಮಂತ್ರಿಗಿರಿಗೆ ಪಟ್ಟು. ಅಲ್ಲಿಂದ ಕಬ್ಬನ್ ಪಾರ್ಕ್ ದಾಟಿ ಚಿನ್ನಸ್ವಾಮಿ ಸ್ಟೇಡಿಯಂಗೆ ಬಂದರೆ ಅದೇ ಮಾತಿಗೆ ಬೇರೆಯೇ ಅರ್ಥ: ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದು ದೇಶದಲ್ಲಿ ನೆಲೆ ನಿಂತು, ಆ ದೇಶದ ತಂಡವನ್ನೇ ಮುನ್ನಡೆಸುವ ಆಟಗಾರ.

ವಲಸೆ ಬೇರೆ, ಗುಳೆ ಬೇರೆ. ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ವಾಪಸ್ಸು. ದಕ್ಷಿಣ ಆಫ್ರಿಕಾದ ಫಾಫ್ ಡು ಪ್ಲೆಸಿ 2022ರಲ್ಲಿ ಆರ್‌ಸಿಬಿ ನಾಯಕರಾದರಲ್ಲ, ಅದು ಗುಳೆ. ಕೋಟಿಗಟ್ಟಲೆ ರೂಪಾಯಿಯ ಗುಳೆ, ಆದರೂ ಗುಳೆಯೇ. ದೇಶದ ತಂಡಕ್ಕೆ ಹಾಗೆ ನಡೆಯುವುದಿಲ್ಲ. ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಪಾಸ್‌ಪೋರ್ಟ್ ಇರಬೇಕು, ಅದೂ ಇಲ್ಲದಿದ್ದರೆ ಮೂರು ವರ್ಷ ಅಲ್ಲೇ ವಾಸ ಮಾಡಿರಬೇಕು ಅನ್ನುವುದು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಲೆಕ್ಕ. ದೇಶದ ಮಂಡಳಿಗಳು ಇದಕ್ಕಿಂತ ಬಿಗಿ ಮಾಡಬಹುದು. ಹದಿನೆಂಟು ದಾಟಿದ ಮೇಲೆ ಬಂದವರಿಗೆ ಇಂಗ್ಲೆಂಡ್ ಕೆಲಕಾಲ ಏಳು ವರ್ಷದ ವಾಸ ಕೇಳುತ್ತಿತ್ತು. ನಮ್ಮ ಸಿಇಟಿಗೆ ‘ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ತನ್ನಿ’ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಥರ. 2018ರ ಕೊನೆಗೆ ಅದನ್ನು ಮೂರಕ್ಕಿಳಿಸಿದರು. ಬಾರ್ಬಡೋಸ್‌ನ ಜೋಫ್ರಾ ಆರ್ಚರ್‌ಗೆ 2019ರ ವಿಶ್ವಕಪ್ ಆಡಲು ದಾರಿಯಾದದ್ದು ಹಾಗೆ.

ಚಿನ್ನಸ್ವಾಮಿಗೆ ಇಂಥ ನಾಯಕರು ಹೊಸಬರಲ್ಲ. 1977ರಲ್ಲಿ ಇಲ್ಲಿ ಟೆಸ್ಟ್ ಆಡಲು ಬಂದ ಇಂಗ್ಲೆಂಡ್ ತಂಡದ ನಾಯಕ ಟೋನಿ ಗ್ರೆಗ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ತಂದೆ ಸ್ಕಾಟ್ಲೆಂಡಿನವರಾದ್ದರಿಂದ ಇಂಗ್ಲೆಂಡ್ ಬಾಗಿಲು ತೆರೆಯಿತು. ಸರಣಿ 3-1ರಿಂದ ಅವರದ್ದೇ ಆಯಿತು, ಆದರೆ ಇಲ್ಲಿ ಮಾತ್ರ 140 ರನ್ನಿನಿಂದ ಸೋತರು. ಯಜುರ್ವಿಂದ್ರ ಸಿಂಗ್ ಏಳು ಕ್ಯಾಚ್ ಹಿಡಿದ ಪಂದ್ಯ ಅದು. 2001ರಲ್ಲಿ ಬಂದ ನಾಸಿರ್ ಹುಸೇನ್ ಹುಟ್ಟಿದ್ದು ಇಲ್ಲೇ ಪಕ್ಕದ ಮದ್ರಾಸಿನಲ್ಲಿ. ಆಶ್ಲಿ ಜೈಲ್ಸ್ ಕೈಲಿ ಲೆಗ್ ಸ್ಟಂಪಿನಾಚೆ ಬೌಲಿಂಗ್ ಮಾಡಿಸಿ ಮಾಡಿಸಿ ಸಚಿನ್ ತಾಳ್ಮೆ ಕೆಡಿಸಿದ್ದು ಇವರೇ. 90ಕ್ಕೆ ಸಚಿನ್ ಸ್ಟಂಪ್ಡ್, ಅವರ ಟೆಸ್ಟ್ ಬಾಳಿನಲ್ಲಿ ಅದು ಮೊದಲ ಸಲ. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಆದರೆ ಇವರೆಲ್ಲ ಒಂದೇ ಅರ್ಥದಲ್ಲಿ ವಲಸಿಗರೇ? ಹುಸೇನ್, ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಆಂಡ್ರೂ ಸ್ಟ್ರಾಸ್, ಇಬ್ಬರೂ ಅಪ್ಪ ಅಮ್ಮನ ಜೊತೆ ಎಳವೆಯಲ್ಲೇ ಇಂಗ್ಲೆಂಡ್ ಸೇರಿದವರು. ವಲಸೆ ಹೋದದ್ದು ಮನೆ, ಮಗು ಜೊತೆಗಿತ್ತು ಅಷ್ಟೆ. ನಮ್ಮ ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ, ಮನೆಮಾತು ಮರಾಠಿ. ಇಂದಿರಾನಗರದ ಗೂಂಡಾ ಅಂತ ಮುದ್ದು ಮಾಡುವ ಊರು ಅವರನ್ನು ವಲಸಿಗ ಅಂದದ್ದುಂಟೇ? ನನ್ನ ಮಟ್ಟಿಗೆ ಈ ಪದ ಸರಿಯಾಗಿ ಒಪ್ಪುವುದು ಬುದ್ಧಿ ಬಲಿತ ಮೇಲೆ ತಾನೇ ತೀರ್ಮಾನ ಮಾಡಿ ಹೋದವನಿಗೆ. ಅಂದರೆ ಅಯಾನ್ ಮಾರ್ಗನ್ ಅಂಥವರಿಗೆ.

ಮಾರ್ಗನ್ ಡಬ್ಲಿನ್ ಹುಡುಗ. 2006ರಲ್ಲಿ ಐರ್ಲೆಂಡ್ ಪರ ಮೊದಲ ಏಕದಿನ ಪಂದ್ಯ, 99ಕ್ಕೆ ರನೌಟ್. ಆಗ ಐರ್ಲೆಂಡಿಗೆ ಟೆಸ್ಟ್ ಮಾನ್ಯತೆಯೇ ಇರಲಿಲ್ಲ, ಅದು ಸಿಕ್ಕಿದ್ದು 2017ರಲ್ಲಿ. ಟೆಸ್ಟ್ ಆಡುವ ಆಸೆಯಿದ್ದ ಐರಿಷ್ ಹುಡುಗನಿಗೆ ಪಕ್ಕದ ಮನೆ ಬಿಟ್ಟರೆ ಗತಿಯಿಲ್ಲ. 2009ರ ಏಪ್ರಿಲ್‌ನಲ್ಲಿ ಐರ್ಲೆಂಡ್ ತಂಡದಲ್ಲಿದ್ದುಕೊಂಡು ವಿಶ್ವಕಪ್ ಅರ್ಹತಾ ಪಂದ್ಯಗಳನ್ನಾಡಿದರು, ಮೇ ತಿಂಗಳಲ್ಲಿ ಇಂಗ್ಲೆಂಡ್ ಜೆರ್ಸಿ ತೊಟ್ಟರು. 2014ರ ಡಿಸೆಂಬರ್‌ನಲ್ಲಿ ಏಕದಿನ ನಾಯಕತ್ವ. ಮರುವರ್ಷ ಬಾಂಗ್ಲಾದೇಶದ ಕೈಲಿ ಸೋತು ವಿಶ್ವಕಪ್‌ನಿಂದ ಮೊದಲ ಸುತ್ತಿನಲ್ಲೇ ಔಟ್. ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆಗೆ ತುಟಿ ಆಡಿಸುವುದಿಲ್ಲ ಅಂತ ಅಲ್ಲಿನ ಪತ್ರಿಕೆಗಳ ತಕರಾರು ಬೇರೆ. ಐರ್ಲೆಂಡಿಗೆ ಆಡುವಾಗಲೂ ಅವರು ಹಾಡುತ್ತಿರಲಿಲ್ಲ ಅನ್ನುವುದು ಯಾರಿಗೂ ಬೇಕಿರಲಿಲ್ಲ. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ಕಪ್ ಎತ್ತಿದ ಮೇಲೆ ಆ ಮಾತು ತಣ್ಣಗಾಯಿತು. ಅಂದು ಗೆಲ್ಲಿಸಿದ ಬೆನ್ ಸ್ಟೋಕ್ಸ್ ಹುಟ್ಟಿದ್ದು ಎದುರಾಳಿ ನ್ಯೂಜಿಲೆಂಡಿನಲ್ಲಿ!

ಮಾರ್ಗನ್ ಜೊತೆಗಾರರಾಗಿ ಗಳಿಸಿಕೊಟ್ಟ ಆ ಅರ್ಹತೆಯ ಮೇಲೆ ಐರ್ಲೆಂಡ್ 2011ರ ವಿಶ್ವಕಪ್ ಆಡಲು ಬೆಂಗಳೂರಿಗೆ ಬಂತು. ಮೂರು ದಿನ ಮುಂಚೆ ಇದೇ ಚಿನ್ನಸ್ವಾಮಿಯಲ್ಲಿ ಇಂಗ್ಲೆಂಡ್ ನಾಯಕ ಸ್ಟ್ರಾಸ್ 158 ಹೊಡೆದು ಭಾರತದೊಂದಿಗೆ 338ಕ್ಕೆ ಟೈ ಮಾಡಿದ್ದರು. ಮಾರ್ಚ್ 2ಕ್ಕೆ ಐರ್ಲೆಂಡ್ ಯಾವ ಲೆಕ್ಕ ಅಂದುಕೊಂಡೇ ನಾನೂ ಹೋಗಿದ್ದೆ. ಇಂಗ್ಲೆಂಡ್ 327. ಐರ್ಲೆಂಡ್ 111ಕ್ಕೆ ಐದು ವಿಕೆಟ್. ಮುಂದಿನ ಸಾಲಿನವರು ಎದ್ದು ಹೊರಟರು. ಪಕ್ಕದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ ಯಜಮಾನರೊಬ್ಬರು, ಅದಾಗಲೇ ಔಟಾಗಿ ಹೋಗಿದ್ದ ಎಡ್ ಜಾಯ್ಸ್ ಬಗ್ಗೆ ಇನ್ನೂ ತಲೆ ಕೆಡಿಸಿಕೊಂಡಿದ್ದರು: “ಅಲ್ಲಾ ಸ್ವಾಮಿ, ಹೋದ ವರ್ಲ್ಡ್‌ಕಪ್‌ನಲ್ಲಿ ಈ ಯಪ್ಪ ಇಂಗ್ಲೆಂಡ್ ಕಡೆ ಇದ್ನಲ್ವಾ?” ಹೌದು, ಇದ್ದರು. ಹೋಗಿ, ಆಡಿ, ತಿರುಗಿ ಬಂದವರು. ಅತ್ತ ಇಂಗ್ಲೆಂಡ್ ಕಡೆ ನೋಡಿದರೆ ಸ್ಟ್ರಾಸ್, ಪೀಟರ್ಸನ್, ಟ್ರಾಟ್, ಪ್ರಯರ್ ನಾಲ್ವರೂ ಹುಟ್ಟಿನಿಂದ ದಕ್ಷಿಣ ಆಫ್ರಿಕಾದವರು. ನಾನು ಬೆರಳು ಮಡಿಸಿ ಎಣಿಸಿದಾಗ ಯಜಮಾನರು ಕಡ್ಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದರು.

ಅಷ್ಟರಲ್ಲಿ ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಕೆವಿನ್ ಓಬ್ರಿಯನ್ ಬಾರಿಸತೊಡಗಿದ್ದ. 50 ಎಸೆತಕ್ಕೆ ನೂರು. ಕೊನೆಯ ಓವರಿನ ಮೊದಲ ಚೆಂಡನ್ನು ಬೌಂಡರಿಗಟ್ಟಿ ಪಂದ್ಯ ಮುಗಿಸಿದ್ದು ಜಾನ್ ಮೂನಿ. ಆಗ ಇನ್ನೊಂದು ತುದಿಯಲ್ಲಿದ್ದವರು ಟ್ರೆಂಟ್ ಜಾನ್ಸ್ಟನ್. ಅವರು ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಳೆದವರು. 2007ರ ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಮನೆಗೆ ಕಳಿಸಿದ ಐರ್ಲೆಂಡ್ ತಂಡದ ನಾಯಕ ಅವರೇ. ಡಬ್ಲಿನ್ ಹುಡುಗ ಇಂಗ್ಲೆಂಡಿಗೆ ಹೋದರೆ, ಆಸ್ಟ್ರೇಲಿಯಾದವನು ಡಬ್ಲಿನ್ನಿಗೆ ಬಂದ. ಮನೆ ಖಾಲಿ ಬೀಳಲಿಲ್ಲ.

ಈಗ ಈ ಪದ ನಮ್ಮವರ ಕಡೆಗೇ ತಿರುಗಿದೆ. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದ ಅಮೆರಿಕ ತಂಡದ ನಾಯಕ ಮೋನಾಂಕ್ ಪಟೇಲ್, ಗುಜರಾತಿನ ಆಣಂದ್‌ನವರು. ಆ ಸೂಪರ್ ಓವರ್ ಎಸೆದ ಸೌರಭ್ ನೇತ್ರಾವಳ್ಕರ್ ಕೂಡ ಹಿಂದೆ ನಾಯಕರಾಗಿದ್ದವರು, 2010ರ ಅಂಡರ್-19 ವಿಶ್ವಕಪ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಜೊತೆ ಭಾರತಕ್ಕೆ ಆಡಿದವರು, ವೃತ್ತಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅಂದು ಮೂರು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನಾಸ್ತುಷ್ ಕೆಂಜಿಗೆ ಹುಟ್ಟಿದ್ದು ಅಲಬಾಮಾದಲ್ಲಿ, ಬೆಳೆದದ್ದು ಚಿಕ್ಕಮಗಳೂರು ಕಡೆಯ ಕಾಫಿ ಸೀಮೆಯಲ್ಲಿ, ಕ್ರಿಕೆಟ್ ಆಡಿದ್ದು ಬೆಂಗಳೂರಿನ ಕ್ಲಬ್ಬುಗಳಲ್ಲಿ, ಆಮೇಲೆ ಮತ್ತೆ ಅಮೆರಿಕ. ಪಾಸ್‌ಪೋರ್ಟ್ ಪ್ರಕಾರ ಅವರು ಹುಟ್ಟೂರಿಗೆ ಮರಳಿದವರು. ನಾಳೆ ಅವರೇ ನಾಯಕರಾದರೆ ನಮ್ಮ ಪೇಪರಿನವರು ಹಾಕುವ ಹೆಡ್‌ಲೈನ್ ಮಾತ್ರ ನನಗೀಗಲೇ ಗೊತ್ತು: ‘ಅಮೆರಿಕ ತಂಡಕ್ಕೆ ಕನ್ನಡಿಗ ಕ್ಯಾಪ್ಟನ್’.