ತೋಟಾ ಯಾರದು, ಕೈ ಯಾರದು? ಲಿಟ್ಸಾ ಕಣಿವೆಯ ಯುದ್ಧಾವಶೇಷಗಳನ್ನು ಓದುವ ಬಗೆ

ಮೊದಲು ಜಾಗ ತಿಳಿದಿರಲಿ. ರಷ್ಯಾದ ಮುರ್ಮನ್ಸ್ಕ್ ನಗರದ ಪಶ್ಚಿಮಕ್ಕೆ, ಉತ್ತರ ಧ್ರುವವೃತ್ತಕ್ಕಿಂತಲೂ ಮೇಲೆ ಹರಿಯುವ ನದಿ ಲಿಟ್ಸಾ. ಎರಡನೇ ಮಹಾಯುದ್ಧದಲ್ಲಿ, 1941ರ ಜೂನ್ 29ರಂದು ಜನರಲ್ ಡೀಟ್ಲ್‌ನ ಜರ್ಮನ್ ಪರ್ವತ ಪಡೆಗಳು ಮುರ್ಮನ್ಸ್ಕ್ ಬಂದರಿನತ್ತ ಹೊರಟವು. ಈ ನದಿಯ ಬಳಿ ಅವುಗಳ ಓಟ ನಿಂತಿತು. 1944ರ ಅಕ್ಟೋಬರ್ 7ರಂದು ಸೋವಿಯತ್ ಸೇನೆ ದೊಡ್ಡ ದಾಳಿ ಆರಂಭಿಸುವವರೆಗೂ ಯುದ್ಧರೇಖೆ ಹೆಚ್ಚು ಕಡಿಮೆ ಅಲ್ಲೇ ಇತ್ತು. ಮೂರು ವರ್ಷ ಎರಡು ಸೇನೆಗಳು ಎದುರುಬದುರು ಕುಳಿತ ನೆಲ. ಆಗ ‘ಸಾವಿನ ಕಣಿವೆ’ ಎನಿಸಿಕೊಂಡಿದ್ದ ಅಲ್ಲಿನ ಒಂದು ತಾಣವನ್ನು ಈಗ ‘ಕೀರ್ತಿಯ ಕಣಿವೆ’ ಎನ್ನುತ್ತಾರೆ.

ಅವಶೇಷಗಳು ಇನ್ನೂ ಉಳಿದಿರಲು ಕಾರಣ ಸರಳ. ಅಲ್ಲಿ ನೇಗಿಲು ಓಡುವುದಿಲ್ಲ, ಊರು ಬೆಳೆಯಲಿಲ್ಲ, ಚಳಿಯಲ್ಲಿ ಎಲ್ಲವೂ ನಿಧಾನವಾಗಿ ಕೊಳೆಯುತ್ತದೆ. ಬಂಡೆಯ ಮೇಲೆ ಮಣ್ಣು ತೆಳುವಾಗಿರುವುದರಿಂದ ಎಷ್ಟೋ ಕಡೆ ಕಂದಕ ತೋಡಲು ಆಗದೆ ಸೈನಿಕರು ಕಲ್ಲು ಪೇರಿಸಿ ಮರೆ ಕಟ್ಟಿಕೊಂಡರು. ಇಂತಹ ಕಲ್ಲುಮರೆಗೆ ನಮ್ಮ ಸೇನೆಯವರು ಲಡಾಖಿನಲ್ಲಿ ‘ಸಂಗರ್’ ಎನ್ನುತ್ತಾರೆ. ಕಲ್ಲು ಎಂಬ ಅರ್ಥದ ಪಾರ್ಸಿ ಪದದಿಂದ ಬಂದ ಮಾತು ಅದು. ಯುದ್ಧ ಎಂಬ ಅರ್ಥದ ನಮ್ಮ ‘ಸಂಗರ’ಕ್ಕೂ ಅದಕ್ಕೂ ನಂಟಿಲ್ಲ. ಹಳಗನ್ನಡ ಓದಿದವರು ಇಲ್ಲಿ ಎಡವುವುದು ಸಹಜ, ನಾನೂ ಎಡವಿದ್ದೆ.

ಈಗ ತೋಟಾ. ಮಲೆನಾಡಿನ ತೋಟಾ ಕೋವಿ ನೋಡಿದವರಿಗೆ ಈ ಪದ ಗೊತ್ತು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೋಶದ ಬಗ್ಗೆ ಹೇಳುತ್ತಿದ್ದೇನೆ. ಕೈಗೆತ್ತಿಕೊಳ್ಳುವ ಮೊದಲೇ ಬುಡ ನೋಡಬೇಕು. ಬುಡದ ಸುತ್ತ ಅಂಚು ಹೊರಚಾಚಿದ್ದರೆ ಸೋವಿಯತ್ ಮೋಸಿನ್ ರೈಫಲ್ಲಿನ 7.62 ಮಿಲಿಮೀಟರ್ ತೋಟಾ ಇರಬಹುದು. ಅಂಚು ಚಾಚದೆ ಬರಿಯ ತೋಡು ಕೊರೆದಂತಿದ್ದರೆ ಜರ್ಮನ್ ಮೌಸರ್‌ನ 7.92 ಇರಬಹುದು. ಆಮೇಲೆ ಬುಡದ ಅಚ್ಚನ್ನು ಓದಬೇಕು. ಜರ್ಮನ್ ತೋಟಾವನ್ನು ಗಡಿಯಾರದಂತೆ ಓದುತ್ತಾರೆ: ಹನ್ನೆರಡರ ಜಾಗದಲ್ಲಿ ಕಾರ್ಖಾನೆ, ಮೂರರಲ್ಲಿ ಲೋಹದ ಬಗೆ, ಆರರಲ್ಲಿ ತಯಾರಿಕೆಯ ಕಂತಿನ ಸಂಖ್ಯೆ, ಒಂಬತ್ತರಲ್ಲಿ ಇಸವಿ. ಕಾರ್ಖಾನೆಯ ಹೆಸರನ್ನು ಗುಟ್ಟಾಗಿಡಲು ಸಂಕೇತ ಬಳಸುತ್ತಿದ್ದರು. ‘ಎ ಯು ಎಕ್ಸ್’ ಎಂಬ ಸಣ್ಣಕ್ಷರಗಳಿದ್ದರೆ ಮಾಗ್ಡೆಬುರ್ಗ್‌ನ ಪೋಲ್ಟೆ ಎಂದು ಅರ್ಥ.

ಸೋವಿಯತ್ ಅಚ್ಚು ಇನ್ನೂ ಸರಳ: ಕಾರ್ಖಾನೆಯ ಸಂಖ್ಯೆ, ಇಸವಿ. ಆದರೆ ಸರಳವಾದದ್ದೇ ಮೋಸ ಮಾಡುತ್ತದೆ. 17 ಎಂಬ ಸಂಖ್ಯೆ ಮಾಸ್ಕೋ ಬಳಿಯ ಪೊಡೋಲ್ಸ್ಕ್ ಕಾರ್ಖಾನೆಯದು. 1941ರಲ್ಲಿ ಜರ್ಮನರು ಹತ್ತಿರ ಬಂದಾಗ ಕಾರ್ಖಾನೆ ಸೈಬೀರಿಯಾದ ಬರ್ನೌಲ್‌ಗೆ ಗುಳೆ ಹೋಯಿತು, ಸಂಖ್ಯೆಯನ್ನೂ ಜೊತೆಗೇ ಒಯ್ದಿತು. ಹಾಗಾಗಿ 17ರ ಜೊತೆ 38 ಇದ್ದರೆ ಪೊಡೋಲ್ಸ್ಕ್, 42 ಇದ್ದರೆ ಬರ್ನೌಲ್. ಇನ್ನೊಂದು ಮಾತು: ಇಸವಿ ಹೇಳುವುದು ಒಂದು ಕಡೆಯ ಮಿತಿಯನ್ನು ಮಾತ್ರ. 42ರ ತೋಟಾ 1941ರಲ್ಲಿ ಅಲ್ಲಿ ಬಿದ್ದಿರಲಾರದು, ಆದರೆ 1944ರಲ್ಲಿ ಬಿದ್ದಿರಬಹುದು.

ಅಂಚು ಚಾಚಿದ ಮೂರನೆಯ ತೋಟಾ ಸಿಕ್ಕಿದರೂ ಗಾಬರಿ ಬೇಡ. 1941ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ 151ನೇ ವಿಂಗ್ ಹರಿಕೇನ್ ವಿಮಾನಗಳೊಂದಿಗೆ ಮುರ್ಮನ್ಸ್ಕ್ ಹತ್ತಿರದ ವಯೆಂಗಾದಲ್ಲಿ ಬೀಡುಬಿಟ್ಟಿತ್ತು. ಆ ವಿಮಾನಗಳ ಮೆಷಿನ್‌ಗನ್‌ಗಳಲ್ಲಿದ್ದದ್ದು ನಮ್ಮ ಪೊಲೀಸರ ಹಳೆಯ ‘ತ್ರೀ ನಾಟ್ ತ್ರೀ’ ರೈಫಲ್ಲಿನದೇ ತೋಟಾ. ಅಳತೆಪಟ್ಟಿ ಇಟ್ಟರೆ ಇದು 56 ಮಿಲಿಮೀಟರ್ ಉದ್ದ, ಮೋಸಿನ್‌ನದು 54.

ಇಷ್ಟೆಲ್ಲ ಓದಿ ತಿಳಿದರೂ ನಮಗೆ ಗೊತ್ತಾಗಿರುವುದು ಯಾರು ತಯಾರಿಸಿದರು ಎಂಬುದಷ್ಟೇ. ಯಾರು ಹಾರಿಸಿದರು ಎಂಬುದು ಬೇರೆಯೇ ಪ್ರಶ್ನೆ. ಹೆಚ್ಚಿನವರು ಎಡವುವುದು ಈ ಎರಡನ್ನು ಬೆರೆಸಿ. ಜರ್ಮನರ ಜೊತೆ ಸೇರಿ ಹೋರಾಡಿದ ಫಿನ್ಲೆಂಡಿನ ಸೇನೆ ಬಳಸುತ್ತಿದ್ದುದೂ ಮೋಸಿನ್ ಜಾತಿಯ ರೈಫಲ್ಲನ್ನೇ. ಕಸಿದುಕೊಂಡ ಸೋವಿಯತ್ ಬಂದೂಕಿನ ಮೇಲೆ ಚೌಕದೊಳಗೆ ‘ಎಸ್ ಎ’ ಎಂದು ತನ್ನ ಮುದ್ರೆ ಒತ್ತಿಕೊಳ್ಳುತ್ತಿತ್ತು. ಜರ್ಮನರೂ ಸಿಕ್ಕಿದ ಶತ್ರುಶಸ್ತ್ರವನ್ನು ಎಸೆಯುತ್ತಿರಲಿಲ್ಲ. ಆದ್ದರಿಂದ ಕೈ ಯಾರದು ಎಂದು ಹೇಳಬೇಕಾದದ್ದು ತೋಟಾ ಅಲ್ಲ, ಅದು ಬಿದ್ದಿರುವ ಜಾಗ: ಕಲ್ಲುಮರೆಯ ಯಾವ ಬದಿಯಲ್ಲಿ, ಎಷ್ಟು ಒತ್ತಾಗಿ, ಜೊತೆಗೆ ಏನೇನು. ಜೇಬಿಗೆ ಹಾಕಿಕೊಂಡು ಬಂದ ತೋಟಾ ಮೂಕ.

ಹೆಲ್ಮೆಟ್ ಬಗ್ಗೆ ಚುಟುಕಾಗಿ: ತುಕ್ಕು ಹಿಡಿದಿದ್ದರೂ ರಿವೆಟ್ ಎಣಿಸಬಹುದು. ಸೋವಿಯತ್ 1939ರ ಮಾದರಿಗೆ ಮೂರು, 1940ರ ಮಾದರಿಗೆ ಆರು. ಜರ್ಮನ್ ಹೆಲ್ಮೆಟ್‌ನ ಅಂಚು ಒಳಕ್ಕೆ ಮಡಚದೆ ಹಾಗೇ ಬಿಟ್ಟಿದ್ದರೆ 1942ರ ಮಾದರಿ.

ಗುರುತಿನ ಬಿಲ್ಲೆಯ ಬಳಿ ನಿಲ್ಲಬೇಕು. ಜರ್ಮನ್ ಬಿಲ್ಲೆ ಮೊಟ್ಟೆಯಾಕಾರದ ಸತು ಅಥವಾ ಅಲ್ಯುಮಿನಿಯಂ ತಗಡು, ಮಧ್ಯೆ ಮುರಿಯಲು ಸೀಳು. ಸೈನಿಕ ಸತ್ತರೆ ಕೆಳಗಿನ ಅರ್ಧವನ್ನು ಮುರಿದು ದಾಖಲೆಗೆ ಒಯ್ಯುತ್ತಿದ್ದರು, ಮೇಲಿನದು ದೇಹದೊಂದಿಗೆ ಉಳಿಯುತ್ತಿತ್ತು. ಅಂದರೆ ಮೂಳೆಗಳ ಜೊತೆ ಇಡೀ ಬಿಲ್ಲೆ ಸಿಕ್ಕಿದರೆ ಆ ಸಾವನ್ನು ಯಾರೂ ಬರೆದುಕೊಂಡಿರದ ಸಾಧ್ಯತೆ ಹೆಚ್ಚು. ಮನೆಯವರಿಗೆ ಬಂದದ್ದು ‘ಕಾಣೆಯಾಗಿದ್ದಾರೆ’ ಎಂಬ ಕಾಗದವಿರಬಹುದು. ಬಿಲ್ಲೆಯಲ್ಲಿ ಹೆಸರಿರುವುದಿಲ್ಲ. ಅದನ್ನು ಮೊದಲು ಕೊಟ್ಟ ದಳದ ಗುರುತು ಮತ್ತು ಸಂಖ್ಯೆ ಇರುತ್ತವೆ. ಸತ್ತಾಗ ಇದ್ದ ದಳ ಬೇರೆಯಾಗಿರಬಹುದು.

ಸೋವಿಯತ್ ಸೈನಿಕನ ಬಳಿ ಇದ್ದದ್ದು ತಿರುಪು ಮುಚ್ಚಳದ ಪುಟ್ಟ ಕಪ್ಪು ಡಬ್ಬಿ, ಒಳಗೆ ಸುತ್ತಿಟ್ಟ ಕಾಗದ. ನಮ್ಮ ಹಳ್ಳಿಗಳ ತಾಯಿತವನ್ನು ನೆನಪಿಸುವ ವಸ್ತು. ಕಾಗದ ತುಂಬಿದರೆ ಸಾವನ್ನು ಕರೆದಂತೆ ಎಂದು ನಂಬಿ ಎಷ್ಟೋ ಜನ ಖಾಲಿ ಬಿಟ್ಟರು. ಕೆಲವರ ಡಬ್ಬಿಯಲ್ಲಿ ಸೂಜಿ ಸಿಕ್ಕಿದೆ. 1942ರ ನವೆಂಬರ್‌ನಲ್ಲಿ ಈ ಡಬ್ಬಿಯನ್ನೇ ರದ್ದುಪಡಿಸಿದರು. ಆ ಮೇಲೆ ಮಡಿದವರನ್ನು ಗುರುತಿಸಲು ಚಮಚದ ಮೇಲೆ, ಊಟದ ಡಬ್ಬಿಯ ಮೇಲೆ ಗೀಚಿದ ಹೆಸರೇ ಗತಿ, ಅದೂ ಗೆಳೆಯನಿಂದ ಪಡೆದ ಚಮಚ ಆಗಿರದಿದ್ದರೆ. ಮುಚ್ಚಿದ ಡಬ್ಬಿ ಸಿಕ್ಕಿದರೆ ಅಲ್ಲೇ ತೆರೆಯಬಾರದು. ಒದ್ದೆ ಕಾಗದ ಗಾಳಿಗೆ ಒಣಗಿ ಪುಡಿಯಾಗುತ್ತದೆ, ಅದನ್ನು ಬಿಡಿಸುವುದು ಪ್ರಯೋಗಾಲಯದ ಕೆಲಸ.

ಮುಟ್ಟಲೇಬಾರದ ಪಟ್ಟಿ ಉದ್ದವಿದೆ. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಸೋವಿಯತ್ ಮರದ ಪೆಟ್ಟಿಗೆಯ ನೆಲಬಾಂಬ್: ಒಳಗೆ 200 ಗ್ರಾಂ ಟಿಎನ್‌ಟಿ, ಲೋಹ ತೀರಾ ಕಡಿಮೆ, ಹಾಗಾಗಿ ಲೋಹಶೋಧಕ ಅದನ್ನು ದಾಟಿ ಹೋಗಬಹುದು. ಮರ ಕೊಳೆತರೂ ಟಿಎನ್‌ಟಿ ಕೆಡುವುದಿಲ್ಲ. ರಷ್ಯಾದಲ್ಲಿ 1993ರ ಕಾನೂನಿನ ಪ್ರಕಾರ ಇಂತಹ ಹುಡುಕಾಟ ನಡೆಸುವ ಹಕ್ಕು ಅಧಿಕೃತ ಶೋಧತಂಡಗಳಿಗೆ ಮಾತ್ರ. ಅನುಮತಿಯಿಲ್ಲದೆ ಅಗೆದು ಮಾರುವವರಿಗೆ ಅಲ್ಲಿ ‘ಕಪ್ಪು ಅಗೆತಗಾರರು’ ಎಂಬ ಹೆಸರಿದೆ.

ಕೊನೆಗೆ ಒಂದು ಅಭ್ಯಾಸ. ಲಿಟ್ಸಾದ ಒಂದು ಗುಡ್ಡದಲ್ಲಿ ಅರ್ಧಚಂದ್ರದ ಕಲ್ಲುಮರೆ ಇದೆ ಎಂದುಕೊಳ್ಳಿ, ಅದರ ಉಬ್ಬು ಪೂರ್ವಕ್ಕೆ, ಅಂದರೆ ಸೋವಿಯತ್ ಕಡೆಗೆ. ಒಳಗೆ 17 ಮತ್ತು 42 ಎಂದು ಅಚ್ಚಿರುವ ಹನ್ನೊಂದು ತೋಟಾ, ಒಂದು ಮುರಿದ ಸತುವಿನ ಬಿಲ್ಲೆ. ಕಸಿದ ಬಂದೂಕು ಹಿಡಿದ ಜರ್ಮನನೇ, ಅಥವಾ 1944ರ ಅಕ್ಟೋಬರ್‌ನಲ್ಲಿ ಆ ಮರೆಯನ್ನು ಗೆದ್ದು ಪಶ್ಚಿಮಕ್ಕೆ ಗುಂಡು ಹಾರಿಸಿದ ಸೋವಿಯತ್ ಸೈನಿಕನೇ? ಗುಂಡು ಬಡಿದ ಗುರುತುಗಳು ಕಲ್ಲಿನ ಯಾವ ಮೈಯಲ್ಲಿವೆ ಎಂದು ನೋಡುವವರೆಗೆ ನಾನಂತೂ ಉತ್ತರ ಬರೆಯುವುದಿಲ್ಲ.