ಯಾವ ಕಾನೂನಿನ ಪ್ರಕಾರ?

ಕಕ್ಷಿದಾರರು ಎದುರಿಗೆ ಕೂತ ಕೂಡಲೇ ತಮಗಾದ ಅನ್ಯಾಯ ಹೇಳಲು ಶುರು ಮಾಡುತ್ತಾರೆ. ನಾನು ಮಧ್ಯೆ ಬಾಯಿ ಹಾಕುತ್ತೇನೆ: "ಆದೇಶದ ಪ್ರತಿ ಎಲ್ಲಿ?" ಎಷ್ಟೋ ಸಲ ಸಿಗುವ ಉತ್ತರ, "ಅಧಿಕಾರಿಗಳು ಬಾಯಲ್ಲೇ ಹೇಳಿ ಹೋದರು ಸಾರ್." ನೋವು ಹೇಳಿಕೊಳ್ಳೋಣ ಅಂತ ಬಂದರೆ ಈ ಮನುಷ್ಯ ಕಾಗದ ಕೇಳುತ್ತಾನಲ್ಲ ಎಂದು ಅವರಿಗೆ ಬೇಜಾರು. ಆದರೆ ವಕೀಲನ ಕೆಲಸ ಶುರುವಾಗುವುದೇ ಆ ಕಾಗದದಿಂದ.

1762ರ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ರಾಜನ ದೂತರು ನುಗ್ಗಿದರು. ಸರ್ಕಾರವನ್ನು ಟೀಕಿಸುವ ಪತ್ರಿಕೆಗೆ ಬರೆಯುತ್ತಾನೆ ಅನ್ನುವುದು ಅವನ ಮೇಲಿದ್ದ ಆರೋಪ. ನಾಲ್ಕು ಗಂಟೆ ಮನೆಯೆಲ್ಲ ಜಾಲಾಡಿ, ಬೀಗ ಒಡೆದು, ಕಾಗದಪತ್ರ ಹೊತ್ತೊಯ್ದರು. ವಾರಂಟ್ ಇರಲಿಲ್ಲವೇ? ಇತ್ತು. ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಹೊರಡಿಸಿದ್ದೇ. ಎಂಟಿಕ್ ಸುಮ್ನೆ ಕೂರಲಿಲ್ಲ, ದೂತರ ಮೇಲೆ ಕೇಸು ಹಾಕಿದ. ಇಂಥ ವಾರಂಟ್ ಕೊಡುವ ಅಧಿಕಾರ ಮಂತ್ರಿಗೆ ಯಾವ ಕಾನೂನಿನಿಂದ ಬಂತು ಅನ್ನುವುದೇ ಕೋರ್ಟಿನ ಮುಂದಿದ್ದ ಪ್ರಶ್ನೆ. ಸರ್ಕಾರದ ಕಡೆಯವರಿಗೆ ತೋರಿಸಲು ಆಗಲಿಲ್ಲ. ಮೊದಲಿನಿಂದ ಹೀಗೇ ನಡೆದು ಬಂದಿದೆ, ರಾಜ್ಯದ ಹಿತಕ್ಕೆ ಇದು ಬೇಕು ಎಂಬ ವಾದಗಳನ್ನು ನ್ಯಾಯಾಧೀಶ ಲಾರ್ಡ್ ಕ್ಯಾಮ್ಡೆನ್ 1765ರಲ್ಲಿ ತಳ್ಳಿಹಾಕಿದರು. ಎಂಟಿಕ್‌ಗೆ 300 ಪೌಂಡ್ ಪರಿಹಾರ ಸಿಕ್ಕಿತು.

ನನಗೆ ಇದರಲ್ಲಿ ಹಿಡಿಸಿದ್ದು ಪರಿಹಾರದ ಮೊತ್ತವಲ್ಲ. ಒಳಗೆ ಬರಬೇಡಿ ಅನ್ನಲು ಎಂಟಿಕ್ ಯಾವ ವಿಶೇಷ ಹಕ್ಕನ್ನೂ ಹುಡುಕಿ ತೋರಿಸಬೇಕಾಗಲಿಲ್ಲ. ಬಂದವರೇ ಕಾನೂನು ತೋರಿಸಬೇಕಾಯಿತು.

"ಜನರೇ ಆರಿಸಿದ ಸರ್ಕಾರ ಅಲ್ವಾ, ಅದಕ್ಕೂ ಈ ಕಟ್ಟುಪಾಡು ಯಾಕೆ?" ಎಂದು ಕೇಳುವವರಿದ್ದಾರೆ. ಓಟು ಕಾನೂನು ಮಾಡುವ ಅಧಿಕಾರ ಕೊಡುತ್ತದೆ. ಮಾಡಿದ್ದನ್ನು ಮೀರುವ ಅಧಿಕಾರ ಕೊಡುವುದಿಲ್ಲ. ಬಾಗಿಲಿಗೆ ಬಂದ ಅಧಿಕಾರಿಯಿಂದ ನಿಯಮಕ್ಕೆ, ನಿಯಮದಿಂದ ಕಾಯ್ದೆಗೆ, ಕಾಯ್ದೆಯಿಂದ ಶಾಸನಸಭೆಗೆ, ಅಲ್ಲಿಂದ ಜನರಿಗೆ ಒಂದು ಸರಪಳಿ ಇದೆ. ಒಂದು ಕೊಂಡಿ ಕಳಚಿದರೂ ಬಾಗಿಲಲ್ಲಿ ನಿಂತವನು ಬರೀ ಅಪರಿಚಿತ.

ಕಾಗದ ಇದ್ದುಬಿಟ್ಟರೆ ಎಲ್ಲ ಸರಿಯೇ? ಜರ್ಮನಿಯಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. 1933ರ ಫೆಬ್ರವರಿ 28ರಂದು ಅಧ್ಯಕ್ಷರ ಆದೇಶ ಬಂತು. ವ್ಯಕ್ತಿ ಸ್ವಾತಂತ್ರ್ಯ, ಮಾತಿನ ಸ್ವಾತಂತ್ರ್ಯ, ಮನೆಯ ರಕ್ಷಣೆ ಎಲ್ಲ ಅಮಾನತಾದವು. ಮರುತಿಂಗಳೇ, ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರ ಹಿಟ್ಲರ್‌ನ ಮಂತ್ರಿಮಂಡಲಕ್ಕೆ ಸಿಕ್ಕಿತು. ಆಮೇಲೆ ಆದೇಶ ಬರೆಯುವವರೂ ಅವರೇ, ಅದರ ಹಿಂದಿನ ಕಾನೂನು ಮಾಡುವವರೂ ಅವರೇ. ತಪ್ಪು ಹಿಡಿಯಬೇಕಾದ ನ್ಯಾಯಾಧೀಶರಿಗೆ ಬೆನ್ನೆಲುಬು ಇಲ್ಲದಿದ್ದರೆ, ಮೇಲಿನವರ ಹಂಗು ಜಾಸ್ತಿಯಾದರೆ, ನಾನು ಎಷ್ಟು ಪ್ರತಿ ತಂದಿಟ್ಟರೂ ಅಷ್ಟೇ.

ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಡಿ. ಯಾವ ಸೆಕ್ಷನ್, ಯಾರ ಸಹಿ, ಯಾವ ತಾರೀಖು ಎಂದು ಕೇಳಿ, ಬರೆದುಕೊಡಿ ಅನ್ನಿ. ಕೆಲವು ಸಲ ಬರೆದುಕೊಡಿ ಅಂದ ಮರುಗಳಿಗೆ ಆ ಆದೇಶವೇ ಮಾಯವಾಗಿದ್ದನ್ನು ನೋಡಿದ್ದೇನೆ. ಕೊಟ್ಟರೆ, ಕೈಗೆ ಬಂದ ದಿನವನ್ನು ಅದರ ಮೇಲೇ ಗುರುತು ಹಾಕಿಡಿ. ಮೇಲ್ಮನವಿಯ ಗಡುವು ಲೆಕ್ಕ ಹಾಕುವಾಗ ನಾನು ಮೊದಲು ಕೇಳುವುದು ಅದನ್ನೇ.